ಗುಡಿಸಿಟ್ಟ ತೋಟದಲ್ಲಿ ನಿಂತ ನೀರು

ಕೋಲಿಗೆ ಕಟ್ಟಿದ್ದ ಕೆಂಪು ದಾರ ಇನ್ನೂ ನೀರನ್ನು ಮುಟ್ಟಿಕೊಂಡೇ ಇತ್ತು.

ತೂಬಿನಕ್ಕ ಬದುವಿನ ಮೇಲಿಂದ ಬಗ್ಗಿ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದಳು. ಕಾಲುವೆಯ ತೂಬು ಮುಚ್ಚಿದ ಹೊತ್ತಿಗೆ ತೋಟದಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತೋ ಅಲ್ಲಿಗೆ ಸರಿಯಾಗಿ ಅವಳೇ ಕಟ್ಟಿದ ದಾರ ಅದು. ಕೈಗೆ ಬೇರೇನೂ ಸಿಗದೆ ಮೊಮ್ಮಗಳ ಕುಲಾವಿಯಿಂದ ಬಿಚ್ಚಿಕೊಂಡು ಬಂದಿದ್ದಳು. ಇಷ್ಟು ಹೊತ್ತಿಗೆ ನೀರು ಮಣ್ಣಿಗೆ ಇಳಿದು, ದಾರ ಗೇಣೆತ್ತರದಲ್ಲಿ ಗಾಳಿಗೆ ಒಣಗುತ್ತಿರಬೇಕಿತ್ತು. ಆದರೆ ಅದು ಹಸುಗೂಸು ಬೆರಳು ಚೀಪುವ ಹಾಗೆ ನೀರಿಗೆ ಅಂಟಿಕೊಂಡು ಕೂತಿತ್ತು.

ಎದುರಿಗೆ ಮೈದುನನ ಬಾದಾಮಿ ತೋಟ. ಎಲೆ ಉದುರಿಸಿ ಬರಿಮೈಯಲ್ಲಿ ನಿಂತ ಮರಗಳ ಸಾಲುಗಳು ಮೊಣಕಾಲುದ್ದ ನೀರಿನಲ್ಲಿ ತಮ್ಮ ನೆರಳನ್ನು ತಾವೇ ನೋಡುತ್ತಿದ್ದವು. ಹೊಸಬರು ಯಾರಾದರೂ ಕಂಡಿದ್ದರೆ ಎಷ್ಟು ಚೆನ್ನಾಗಿದೆ ಎನ್ನುತ್ತಿದ್ದರು. ತೂಬಿನಕ್ಕನಿಗೆ ಮಾತ್ರ ಮಗು ಬಹಳ ಹೊತ್ತಿನಿಂದ ಸದ್ದು ಮಾಡದೆ ಮಲಗಿದಾಗ ಆಗುವಂಥ ಭಯವಾಯಿತು.

ತೂಬಿನಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ನದಿಯಿಂದ ಬರುವ ಕಾಲುವೆಯ ತೂಬನ್ನು ತೆಗೆದು ಮುಚ್ಚುವ ಕೆಲಸ ಮೊದಲು ಅವಳ ಗಂಡನದಾಗಿತ್ತು. ಅವನು ತೀರಿಕೊಂಡ ಮೇಲೆ ಕಾಲುವೆ ಕಚೇರಿಯವರು ಆ ಕೀಲಿಕೈಯನ್ನು ಅವಳಿಗೆ ಕೊಟ್ಟರು. ಆ ಕಚೇರಿಯಲ್ಲೇ ಅವಳು ಈ ಉಪಾಯವನ್ನು ಕೇಳಿದ್ದು. ಬೇಸಿಗೆ ಬಂದರೆ ಬೀದಿಯ ಬಾವಿಯಲ್ಲಿ ಕೊಡಪಾನ ಕಲ್ಲಿಗೆ ತಾಗುತ್ತದೆ. ಚಳಿಗಾಲದಲ್ಲಿ ಅದೇ ನದಿ ದಡ ಮೀರಿ ಹರಿದು ಯಾರಿಗೂ ದಕ್ಕದೆ ಹೋಗುತ್ತದೆ. ಆ ನೀರನ್ನು ಮಲಗಿರುವ ತೋಟಕ್ಕೆ ತಿರುಗಿಸಿ ಒಂದಷ್ಟು ದಿನ ನಿಲ್ಲಿಸಿದರೆ ಮಣ್ಣು ಕುಡಿಯುತ್ತದೆ. ಮಣ್ಣು ಕುಡಿದದ್ದು ನಿಧಾನವಾಗಿ ಬಾವಿಗೆ ಸೇರುತ್ತದೆ. ಮಾತು ಸರಳವಾಗಿತ್ತು. ಮನೆಗೆ ಬಂದವಳೇ ಮೈದುನನ ಬೆನ್ನು ಹತ್ತಿದ್ದಳು.

"ಮರ ನಿದ್ದೆಯಲ್ಲಿರುವಾಗ ಕಾಲು ಒದ್ದೆಯಾದರೆ ಅದಕ್ಕೇನೂ ಆಗಲ್ಲಪ್ಪಾ. ನೀರು ಬೇಗ ಇಳಿದುಹೋಗುತ್ತೆ. ನಾನು ಹೇಳ್ತಿದ್ದೀನಲ್ಲ" ಎಂದಿದ್ದಳು.

"ಎದ್ದ ಮೇಲೂ ನೀರು ನಿಂತಿದ್ದರೆ?"

"ಎದ್ದ ಮೇಲೆ ನಿಂತರೆ ಬೇರು ಉಸಿರು ಕಟ್ಟಿ ಸಾಯುತ್ತೆ. ಅಷ್ಟರವರೆಗೆ ಯಾರು ಬಿಡ್ತಾರೆ?"

ಅವನು ಒಪ್ಪಿದ್ದ. ಬಾವಿಗಾಗಿ ಒಪ್ಪಿದ್ದಕ್ಕಿಂತ ಅತ್ತಿಗೆಗಾಗಿ ಒಪ್ಪಿದ್ದ. ಅವಳು ಮದುವೆಯಾಗಿ ಆ ಮನೆಗೆ ಬಂದಾಗ ಅವನಿಗೆ ಇನ್ನೂ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ.

ಈಗ ಅವನೇ ಬದುವಿನ ಮೇಲೆ ಬೀಸುಗಾಲು ಹಾಕುತ್ತ ಬಂದ. ಕೈಯಲ್ಲಿ ಒಂದು ಟೊಂಗೆಯ ತುದಿ.

"ಇಳಿದಿದೆಯಾ ಅತ್ತಿಗೆ?"

"ಸ್ವಲ್ಪ ಹೊತ್ತು ನೋಡೋಣ."

"ದಾರ ನನಗೂ ಕಾಣುತ್ತೆ." ಅವನು ಟೊಂಗೆಯನ್ನು ಅವಳ ಮುಖದ ಮುಂದೆ ಹಿಡಿದ. "ಇದನ್ನ ನೋಡಿ."

ಮೊಗ್ಗುಗಳು ಉಬ್ಬಿದ್ದವು. ಕಂದು ಸಿಪ್ಪೆ ಬಿರಿದು ಒಳಗಿನ ಬಿಳುಪು ಸೂಜಿಮೊನೆಯಷ್ಟು ಇಣುಕುತ್ತಿತ್ತು. ಚಳಿ ಇನ್ನೂ ಮುಗಿದಿರಲಿಲ್ಲ, ಆದರೆ ನಿನ್ನೆಯಿಂದ ಎಲ್ಲಿಂದಲೋ ಬೆಚ್ಚನೆಯ ಗಾಳಿ ಬೀಸುತ್ತಿತ್ತು. ಮರಗಳು ಮೋಸ ಹೋಗಿ ಬೇಗ ಏಳುತ್ತಿದ್ದವು.

"ಇಳಿಯುತ್ತೆ ಅಂದಿರಿ" ಎಂದ ಅವನು. ಕೂಗಲಿಲ್ಲ. ಕೂಗಿದ್ದರೆ ಅವಳು ಉತ್ತರ ಕೊಡುತ್ತಿದ್ದಳು. "ನೀವು ಹೇಳಿದ್ದಕ್ಕೆ ಬಿಟ್ಟೆ." ಅಷ್ಟು ಹೇಳಿ ಟೊಂಗೆಯನ್ನು ಅವಳ ಕೈಗೆ ತುರುಕಿ ಹೊರಟುಹೋದ.

ಮನೆಗೆ ಬಂದಾಗ ಮಗಳು ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು ಕೂಸಿನ ಹಾಲಿಗೆ ನೀರು ಕಾಯಿಸುತ್ತಿದ್ದಳು. ಎದೆಹಾಲು ಸಾಲದೆ ಡಬ್ಬಿಯ ಪುಡಿ ಕಲಸಿ ಕೊಡುತ್ತಿದ್ದರು. ಅದಕ್ಕೆ ಬಾವಿಯ ನೀರೇ. ತೂಬಿನಕ್ಕ ಒಲೆಯ ಉರಿ ತಗ್ಗಿಸಿದಳು, ತೊಟ್ಟಿಲಿನಿಂದ ಜಾರಿದ ಬಟ್ಟೆ ಎತ್ತಿ ಹಾಕಿದಳು, ಆಮೇಲೆ ಏನು ಮಾಡಬೇಕೆಂದು ಮರೆತು ಸುಮ್ಮನೆ ನಿಂತಳು.

"ಏನಮ್ಮಾ, ಮುಖ ಇಷ್ಟು ಬಾಡಿದೆ?"

"ನೀರು ಇಳೀತಾ ಇಲ್ಲ ಕಣೆ."

"ಮೇಲೆ ನಿಂತಿರೋದನ್ನ ಆಚೆ ಬಿಟ್ಟರಾಯ್ತು."

"ಎಲ್ಲಿಗೆ ಬಿಡ್ತೀಯಾ? ಕಾಲುವೆ ತೋಟಕ್ಕಿಂತ ಎತ್ತರದಲ್ಲಿದೆ. ತೋಟಕ್ಕಿಂತ ತಗ್ಗಿರೋದು ನಮ್ಮ ಮರಳು ಹೊಲ ಒಂದೇ."

ಮಗಳು ತಲೆಯೆತ್ತಿ ನೋಡಿದಳು. ಮರಳು ಹೊಲ ಬಾವಿಗೆ ಒತ್ತಿಕೊಂಡೇ ಇತ್ತು. ಎಷ್ಟು ಸುರಿದರೂ ಕ್ಷಣದಲ್ಲಿ ಹೀರಿಬಿಡುವ ಮಣ್ಣು. ಅದರಲ್ಲಿ ತೂಬಿನಕ್ಕ ಬೆಳ್ಳುಳ್ಳಿ ಹಾಕಿದ್ದಳು. ಮೊನ್ನೆ ತಾನೇ ಅದಕ್ಕೆ ಬಂಡಿಗಟ್ಟಲೆ ಕೋಳಿಗೊಬ್ಬರ ಹರಡಿಸಿದ್ದಳು. ಇಡೀ ಬೀದಿ ಮೂಗು ಮುಚ್ಚಿಕೊಂಡು ಓಡಾಡಿತ್ತು.

"ಅಷ್ಟು ನೀರು ಅದರ ಮೇಲೆ ಬಿದ್ದರೆ..." ಮಗಳು ಕುದಿಯುವ ಪಾತ್ರೆಯನ್ನು ನೋಡಿದಳು.

"ಗೊಬ್ಬರದ ಸಾರವೆಲ್ಲ ತೊಳೆದುಕೊಂಡು ಬಾವಿಗೆ ಇಳಿಯುತ್ತೆ. ಅದು ಕುದಿಸಿದರೂ ಹೋಗಲ್ಲ. ಅಂಥ ನೀರು ಕುಡಿದರೆ ಕೂಸುಗಳ ಮೈ ನೀಲಿಗಟ್ಟುತ್ತೆ ಅಂತ ಆವತ್ತು ದಾದಿ ಹೇಳಿದ್ದು ನೆನಪಿಲ್ವಾ?"

ಅಷ್ಟರಲ್ಲಿ ಹಿತ್ತಲ ಬಾಗಿಲು ದಡಾರನೆ ತೆರೆಯಿತು. ಮೈದುನನ ಹೆಂಡತಿ ಏದುಸಿರು ಬಿಡುತ್ತ ಒಳಗೆ ಬಂದಳು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು.

"ಅಕ್ಕಾ, ಇವರು ಗುದ್ದಲಿ ತಗೊಂಡು ಹೋದರು! ನಿಮ್ಮ ಹೊಲದ ಬದು ಕಡೀತಾರಂತೆ. ನನ್ನ ಮಾತು ಕೇಳ್ತಿಲ್ಲ. ನೀವೇ ಬನ್ನಿ!"

ತೂಬಿನಕ್ಕ ಓಡಿದಳು. ಓಡುವ ವಯಸ್ಸಲ್ಲ, ಓಡುವ ಮೈಯೂ ಅಲ್ಲ. ಆದರೂ ಓರಗಿತ್ತಿಗಿಂತ ಮೊದಲು ಬದು ಮುಟ್ಟಿದಳು. ಮೈದುನ ಆಗಲೇ ಮೇಲಿನ ಹುಲ್ಲು ಕೆತ್ತಿ ಬದುವಿನ ತಲೆಯಲ್ಲಿ ಒಂದು ಮೊರದಷ್ಟು ಅಗೆದಿದ್ದ. ಇನ್ನೊಂದಿಷ್ಟು ಅಗೆದರೆ ನೀರು ತಾನೇ ದಾರಿ ಮಾಡಿಕೊಳ್ಳುತ್ತಿತ್ತು. ಅವಳು ನೇರ ಹೋಗಿ ಆ ಹಳ್ಳದಲ್ಲಿ ಕೂತುಬಿಟ್ಟಳು.

ಗುದ್ದಲಿ ಎತ್ತಿದ ಕೈ ಎತ್ತಿದಂತೆಯೇ ನಿಂತಿತು.

"ಏಳಿ ಅತ್ತಿಗೆ."

"ಏಳಲ್ಲ."

"ನಾಲ್ಕು ಬೆಳ್ಳುಳ್ಳಿ ಗಿಡ ನಿಮಗೆ ಹೆಚ್ಚಾಯ್ತಾ? ನಿಮ್ಮ ಬೆಳ್ಳುಳ್ಳಿ ಉಳೀಬೇಕು, ನನ್ನ ಮರ ಸಾಯಬೇಕು!"

"ಬೆಳ್ಳುಳ್ಳಿ ಹಾಳಾಗಿಹೋಗಲಿ, ಬೇಕಾದರೆ ಈಗಲೇ ಕಿತ್ತು ಬಿಸಾಡ್ತೀನಿ. ಅಲ್ಲಿ ಕೋಳಿಗೊಬ್ಬರ ಹರಡಿದ್ದೀನಪ್ಪಾ. ನೀರು ಬಿದ್ದರೆ ಸೀದಾ ಬಾವಿಗೆ ಹೋಗುತ್ತೆ. ಇಡೀ ಬೀದಿ ಕುಡಿಯೋ ನೀರು."

"ಮನೆಯಲ್ಲಿ ಕೂಸಿದೆ ರೀ" ಎಂದಳು ಹಿಂದೆ ನಿಂತ ಅವನ ಹೆಂಡತಿ ಮೆಲ್ಲಗೆ.

ಆ ಕೂಸಿಗೆ ತೊಟ್ಟಿಲು ಕಟ್ಟಿಕೊಟ್ಟವನೇ ಅವನು. ಗುದ್ದಲಿಯನ್ನು ನಿಧಾನವಾಗಿ ಕೆಳಗಿಳಿಸಿದ. ಆದರೆ ಸಿಟ್ಟಿಗೆ ಹೋಗಲು ಬೇರೆ ದಾರಿ ಇರಲಿಲ್ಲ.

"ಹಾಗಾದರೆ ನೀವೇ ದಾರಿ ತೋರಿಸಿ. ಸಂಜೆವರೆಗೆ ನೋಡ್ತೀನಿ. ಆಮೇಲೆ ಬೀದಿಗೆಲ್ಲ ಟ್ಯಾಂಕರ್ ನೀರು ನಾನೇ ತರಿಸ್ತೀನಿ, ಬದು ಕಡಿದೇ ಕಡೀತೀನಿ. ನನ್ನ ಮರಕ್ಕೆ ಏನಾದರೂ ಆಯ್ತೋ, ನೀವು ನಮ್ಮ ಮನೆ ಹೊಸ್ತಿಲು ತುಳೀಬೇಡಿ."

ಓರಗಿತ್ತಿ ಬಾಯಿಗೆ ಸೆರಗು ಒತ್ತಿಕೊಂಡಳು. ತೂಬಿನಕ್ಕ ಹಳ್ಳದಿಂದ ಎದ್ದು, ಸೀರೆಗೆ ಮೆತ್ತಿದ ಮಣ್ಣು ಕೊಡವಿಕೊಳ್ಳದೆಯೇ, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿ ತೋಟದ ನೀರಿಗೆ ಇಳಿದಳು.

ನೀರು ಚೂರಿಯಂತೆ ತಣ್ಣಗಿತ್ತು. ಏನು ಹುಡುಕುತ್ತಿದ್ದೇನೆಂದು ಅವಳಿಗೂ ಗೊತ್ತಿರಲಿಲ್ಲ. ಸುಮ್ಮನೆ ದಡದಲ್ಲಿ ನಿಂತು ಕೈ ಕೈ ಹಿಸುಕಿಕೊಳ್ಳುವುದು ಅವಳಿಂದ ಆಗುತ್ತಿರಲಿಲ್ಲ, ಅಷ್ಟೇ. ಮಳೆಗಾಲ ಮುಗಿದಾಗ ಮಣ್ಣು ಪರೀಕ್ಷೆಯ ಹುಡುಗಿ ಇಲ್ಲಿಗೆ ಬಂದು ಅಲ್ಲಲ್ಲಿ ಗುಂಡಿ ತೋಡಿ, ನೀರು ಹೊಯ್ದು ನೋಡಿದ್ದಳು. "ಎಂಥಾ ಮಣ್ಣು ಆಂಟೀ, ಬಾಯಾರಿದ ಹಾಗೆ ಕುಡಿಯುತ್ತೆ" ಎಂದು ನಕ್ಕಿದ್ದಳು. ತೂಬಿನಕ್ಕ ಕಣ್ಣಾರೆ ಕಂಡಿದ್ದಳು, ಹುಡುಗಿಯ ಲೆಕ್ಕದಲ್ಲಿ ತಪ್ಪಿರಲಿಲ್ಲ. ಹಾಗಾದರೆ ಅದೇ ಮಣ್ಣು ಈಗ ಹಲ್ಲು ಕಚ್ಚಿಕೊಂಡು ಕೂತಿರುವುದೇಕೆ?

ಸಾಲಿನಿಂದ ಸಾಲಿಗೆ ನಡೆದಳು. ಅಂಗಾಲಿನಡಿ ನೆಲ ಎಷ್ಟು ಸಮವಾಗಿತ್ತೆಂದರೆ ನೀರಿನೊಳಗೆ ಯಾರೋ ಗಾರೆ ಹಾಕಿದಂತಿತ್ತು. ಮೈದುನನ ತೋಟ ಯಾವಾಗಲೂ ಹಾಗೆಯೇ. ಬಾದಾಮಿಯನ್ನು ಮರದಿಂದ ಬಡಿದು ಬೀಳಿಸಿ, ನೆಲದಿಂದ ಗುಡಿಸಿ ರಾಶಿ ಹಾಕಬೇಕು. ಅದಕ್ಕೆ ನೆಲ ಚೊಕ್ಕಟವಾಗಿರಬೇಕು. ಅವನು ಅದನ್ನು ಇನ್ನೂ ಒಂದು ಕೈ ಮುಂದಕ್ಕೆ ಒಯ್ದಿದ್ದ. ಬೀದಿಯವರು ಅವನನ್ನು ಪೊರಕೆ ದೊರೆ ಎಂದು ಕರೆಯುತ್ತಿದ್ದರು. "ಅಂಗಳದಲ್ಲಿ ಕಸದ ಗುಡ್ಡೆ ಬಿದ್ದಿದ್ದರೂ ಇವರ ಕಣ್ಣಿಗೆ ಬೀಳಲ್ಲ, ತೋಟದಲ್ಲಿ ಒಂದು ಎಲೆ ಬಿದ್ದರೆ ಹೊಟ್ಟೆನೋವು ಬರುತ್ತೆ" ಎಂದು ಅವನ ಹೆಂಡತಿ ನೀರು ಸೇದುವಾಗಲೆಲ್ಲ ಹೇಳಿಕೊಳ್ಳುತ್ತಿದ್ದಳು.

ಬಿಸಿಲು ಏರಿತು. ತೋಟದ ಮೂಲೆಯೊಂದರಲ್ಲಿ ಸಣ್ಣಗೆ ನಾತ ಬಂದಂತಾಯಿತು. ಅವಳು ಬಗ್ಗಿ, ಬೊಗಸೆಯಲ್ಲಿ ನೀರೆತ್ತಿ ಮೂಸಿದಳು. ಕೊಳೆತ ಮೊಟ್ಟೆಯಂಥ ವಾಸನೆ, ಇದೆಯೋ ಇಲ್ಲವೋ ಎಂಬಷ್ಟು. ಬೇರು ಉಸಿರು ಕಟ್ಟುವ ಮೊದಲು ಮಣ್ಣು ಹೀಗೆ ನಾರುತ್ತದೆ ಎಂದು ಗಂಡ ಹೇಳುತ್ತಿದ್ದ. ಬದುವಿನ ಮೇಲೆ ಮೈದುನ ಗುದ್ದಲಿಯನ್ನು ತೊಡೆಯ ಮೇಲಿಟ್ಟುಕೊಂಡು ಸೂರ್ಯನನ್ನೇ ನೋಡುತ್ತ ಕೂತಿದ್ದ.

ಆಗ ಬಾದಾಮಿ ಸಿಪ್ಪೆಗಳು ಕಂಡವು.

ಸುಗ್ಗಿಯಲ್ಲಿ ಪೊರಕೆಯ ಕಣ್ಣು ತಪ್ಪಿಸಿ ಉಳಿದಿದ್ದ ಒಣ ಸಿಪ್ಪೆಗಳು ನೀರಿನ ಮೇಲೆ ತೇಲುತ್ತಿದ್ದವು. ಗಾಳಿ ಅವನ್ನೆಲ್ಲ ಕಾಲುವೆಯ ಕಡೆಗೆ ನೂಕುತ್ತಿತ್ತು. ಆದರೆ ಒಂದು ಕಡೆ, ಸಾಲಿನ ನಡುವೆ ಒಂದೇ ಒಂದು ಎಳೆಯ ಸಸಿ ನಿಂತಿದ್ದಲ್ಲಿ, ಸಿಪ್ಪೆಗಳು ಗಾಳಿಯ ಮಾತು ಕೇಳದೆ ಗುಂಪಾಗಿದ್ದವು. ತೂಬಿನಕ್ಕ ಉಸಿರು ಬಿಗಿಹಿಡಿದು ನೋಡಿದಳು. ಸಿಪ್ಪೆಗಳು ತಿರುಗುತ್ತಿದ್ದವು. ಬೀಸುವ ಕಲ್ಲಿನಷ್ಟು ನಿಧಾನವಾಗಿ, ಸಸಿಯ ಸುತ್ತ.

ಅವಳು ಅಲ್ಲಿಗೆ ಹೋಗಿ ಕಾಲಿಟ್ಟಳು. ಕಾಲು ಮಣ್ಣಿನೊಳಗೆ ಕಣಕಾಲಿನವರೆಗೆ ಇಳಿಯಿತು. ಒಂದು ಹೆಜ್ಜೆ ಆಚೆ ಇಟ್ಟಳು, ಮತ್ತೆ ಗಾರೆ. ಈಚೆ ಇಟ್ಟಳು, ಮೆತ್ತಗೆ. ನೀರಲ್ಲಿ ತೇಲುತ್ತಿದ್ದ ಒಂದು ಒಣ ಕೋಲನ್ನು ಎತ್ತಿಕೊಂಡು ನೆಲಕ್ಕೆ ಒತ್ತಿದಳು. ಸಸಿಯ ಬುಡದಲ್ಲಿ ಅದು ಮೊಣಕೈಯುದ್ದ ಮಣ್ಣಿಗೆ ಇಳಿಯಿತು. ಗಟ್ಟಿ ನೆಲದಲ್ಲಿ ಒಂದು ಬೆರಳಷ್ಟೂ ಇಳಿಯಲಿಲ್ಲ.

"ಇಲ್ಲಿ ಬಾರೋ!" ಅವಳ ದನಿ ಅವಳಿಗೇ ಗುರುತು ಸಿಗದಂತೆ ಮೇಲೇರಿತು. "ಬೇಗ ಬಾ!"

ಅವನು ನೀರಿಗೆ ಇಳಿದು ಬಂದ. ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು.

"ಇಲ್ಲಿದ್ದ ಮರ ಏನಾಯ್ತು?"

"ಹುಳ ಹಿಡಿದು ಸತ್ತಿತ್ತು. ಬುಡ ಸಮೇತ ಅಗೆದು ತೆಗೆಸಿ ಈ ಸಸಿ ಇಟ್ಟೆ. ಈಗ ಯಾಕೆ ಆ ಕಥೆ?"

"ಮಣ್ಣಿನ ಹುಡುಗಿ ಬಂದುಹೋದ ಮೇಲೆ ನೀನು ಈ ತೋಟಕ್ಕೆ ಏನು ಮಾಡಿಸಿದೆ?"

"ಏನೂ ಇಲ್ಲ."

"ಏನೂ ಇಲ್ಲ ಅಂದರೆ? ನಿನ್ನ ಕೈ ಸುಮ್ಮನಿರುತ್ತಾ?"

"ರೋಲರ್ ಹೊಡೆಸಿದೆ."

"ರಸ್ತೆಗೆ ಹೊಡೆಯೋ ರೋಲರ್ರಾ?"

"ಇನ್ನೇನು ಅತ್ತಿಗೆ, ನದಿ ನೀರು ಬರುತ್ತೆ ಅಂದಿರಿ. ಮನೆಗೆ ಯಾರೋ ಬರ್ತಾರೆ ಅಂದರೆ ಹಳ್ಳ ದಿಣ್ಣೆ ಹಾಗೇ ಬಿಡೋಕಾಗುತ್ತಾ? ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಆಗೋದು ಬೇಡ, ಎಲ್ಲಾ ಕಡೆ ಸಮವಾಗಿ ನಿಲ್ಲಲಿ ಅಂತ ಎರಡೆರಡು ಸಲ ಹೊಡೆಸಿದೆ. ಸಸಿ ಮುರಿಯುತ್ತೆ ಅಂತ ಇದೊಂದು ಜಾಗ ಬಿಟ್ಟು..."

ಅವನು ತಿರುಗುತ್ತಿದ್ದ ಸಿಪ್ಪೆಗಳನ್ನು ನೋಡಿದ. ಮುಖದ ಗಂಟು ಒಂದೊಂದಾಗಿ ಬಿಚ್ಚಿ, ಅದರ ಕೆಳಗೆ ಹೋಮ್‌ವರ್ಕ್ ಮರೆತ ಹುಡುಗನ ಮುಖವೊಂದು ಹೊರಬಂತು. ಅವಳಿಗೆ ಆ ಮುಖ ಚೆನ್ನಾಗಿ ಗೊತ್ತಿತ್ತು.

"ನಾನೇ ಮುಚ್ಚಳ ಹಾಕಿದೆನಾ?" ಎಂದ.

ಬೈಯಲು ಅವಳ ನಾಲಿಗೆಯ ತುದಿಯಲ್ಲಿ ಎಷ್ಟೋ ಮಾತಿದ್ದವು. ಬದುವಿನ ಮೇಲೆ ಕೇಳಿಸಿಕೊಂಡದ್ದು ಇನ್ನೂ ಉರಿಯುತ್ತಿತ್ತು. ಆದರೆ ಬಿಸಿಲು ಆಗಲೇ ಪಡುವಣಕ್ಕೆ ವಾಲಿತ್ತು.

"ಮುಚ್ಚಳ ತೆಳ್ಳಗಿದೆ. ಕೆಳಗೆ ಆ ಹುಡುಗಿ ನೋಡಿದ ಮಣ್ಣೇ ಇದೆ. ತೂತು ಮಾಡಿದರೆ ಕುಡಿಯುತ್ತೆ. ಬೇರಿಗೆ ತಾಗದ ಹಾಗೆ ಸಾಲುಗಳ ನಡುವೆ, ಉದ್ದಕ್ಕೂ ತೂತು ಹೊಡೀಬೇಕು."

"ಉದ್ದಕ್ಕೂ?" ಅವನು ತೋಟದ ಈ ತುದಿಯಿಂದ ಆ ತುದಿಗೆ ನೋಡಿದ. ಎಷ್ಟು ವರ್ಷ ಬಗ್ಗಿ ಬಗ್ಗಿ ಕಲ್ಲು ಆರಿಸಿದ ನೆಲ ಅದು. "ಸುಗ್ಗಿಗೆ ಏನು ಮಾಡಲಿ ಅತ್ತಿಗೆ? ಕಾಯೆಲ್ಲ ಗುಂಡಿಗೆ ಬೀಳುತ್ತೆ."

"ಮರ ಇದ್ದರೆ ತಾನೇ ಕಾಯಿ?"

ಅವನು ಮನೆಯ ಕಡೆ ಓಡಿ ಹಾರೆ ಹಿಡಿದುಕೊಂಡು ಬಂದ. ಎರಡು ಸಾಲುಗಳ ನಟ್ಟ ನಡುವೆ ನಿಂತು ಹಾರೆ ಎತ್ತಿದ. ಎತ್ತಿದವನು ಹಾಗೇ ನಿಂತ. ಸ್ವಂತ ಮನೆಯ ಗೋಡೆ ಒಡೆಯುವವನ ಹಾಗೆ ಕಣ್ಣು ಮುಚ್ಚಿಕೊಂಡು ಹೊಡೆದ.

ಹಾರೆ ಠಣ್ ಎಂದು ಪುಟಿಯಿತು. ಮತ್ತೆ ಹೊಡೆದ. ಮತ್ತೆ. ನೆಲ ಬಿಡಲಿಲ್ಲ. ನೀರು ಕದಡಿ ಏನೂ ಕಾಣದಂತಾಯಿತು. ನಾನು ಅಂದುಕೊಂಡದ್ದೂ ತಪ್ಪಾದರೆ ಇನ್ನೇನು ದಾರಿ ಎಂದು ತೂಬಿನಕ್ಕ ಬದುವಿನಾಚೆಯ ಮರಳು ಹೊಲದ ಕಡೆ ನೋಡಿದಳು. ಅವನು ಹಲ್ಲು ಕಚ್ಚಿ ಮೈಯ ಭಾರವನ್ನೆಲ್ಲ ಬಿಟ್ಟು ಇನ್ನೊಮ್ಮೆ ಹೊಡೆದಾಗ ಹಾರೆ ಸರಕ್ಕನೆ ಅರ್ಧದವರೆಗೆ ಒಳಗಿಳಿಯಿತು. ಹೊರಗೆಳೆದ. ತೂತಿನಿಂದ ಗುಳುಗುಳು ಎಂದು ಗಾಳಿಯ ಗುಳ್ಳೆಗಳು ಮೇಲೆ ಬಂದವು. ಆಮೇಲೆ ಕದಡಿದ ನೀರು ಸಣ್ಣ ಸುಳಿಯಾಗಿ ಅಲ್ಲಿಗೇ ಇಳಿಯತೊಡಗಿತು.

"ಕುಡೀತಿದೆ!" ಎಂದಳು ಬದುವಿನ ಮೇಲಿಂದ ಓರಗಿತ್ತಿ. "ಅಕ್ಕಾ, ಕುಡೀತಿದೆ!"

"ಹಾಗಾದರೆ ಅಲ್ಲೇನು ನಿಂತಿದ್ದೀಯಾ, ಬೀದಿಗೆಲ್ಲ ಕೂಗು! ಹಾರೆ ಇದ್ದವರು ಹಾರೆ ತರಲಿ!"

ಮೊದಲು ಬಂದವನು ಬೇಲಿ ಕೆಲಸದವನು. ಕಂಬದ ಗುಂಡಿ ತೋಡುವ ಆಳೆತ್ತರದ ಬೈರಿಗೆಯನ್ನು ಹೆಗಲ ಮೇಲೆ ಹೊತ್ತಿದ್ದ. ಬಾಯಿ ಅದಕ್ಕಿಂತ ಉದ್ದ.

"ಏನು ದೊರೇ, ನಿನ್ನ ಅರಮನೆ ನೆಲ ಕೊರೀಬೇಕಂತೆ? ನಾನು ಚಪ್ಪಲಿ ಹಾಕ್ಕೊಂಡು ಒಳಗೆ ಬಂದರೇ ಬೈತಿದ್ದೆ!"

"ಕೊರಿಯೋ ಮಾರಾಯ, ಆಮೇಲೆ ಆಡಿಕೋ" ಎಂದ ಮೈದುನ ತಲೆಯೆತ್ತದೆ.

"ಆಮೇಲೂ ಆಡಿಕೊಳ್ತೀನಿ, ಈಗಲೂ ಆಡಿಕೊಳ್ತೀನಿ. ಕೆಲಸ ಮಾಡೋದು ಕೈ, ಬಾಯಿ ಖಾಲಿನೇ ಇರುತ್ತಲ್ಲ."

ಬೈರಿಗೆ ಹಾರೆಗಿಂತ ಚೆನ್ನಾಗಿ ಇಳಿಯಿತು. ಹಿಂದೆಯೇ ಬೀದಿಯವರು ಬಂದರು. ಹಾರೆ ಇಲ್ಲದವರು ಕಬ್ಬಿಣದ ಸಲಾಕಿ ತಂದರು. ಸಲಾಕಿಯೂ ಇಲ್ಲದವರು ಹೊಡೆದ ತೂತಿಗೆ ಒಣಕಡ್ಡಿ ತುರುಕಿ, ಅದು ಕೆಸರಿನಿಂದ ಮುಚ್ಚಿಹೋಗದಂತೆ ನೋಡಿಕೊಂಡರು. ಹೆಚ್ಚು ಮಾತಿರಲಿಲ್ಲ. ತಣ್ಣೀರಿನಲ್ಲಿ ನಿಂತ ಕಾಲುಗಳು ಮರಗಟ್ಟಿದಾಗ ಒಬ್ಬೊಬ್ಬರೇ ಬದು ಹತ್ತಿ, ಓರಗಿತ್ತಿ ಹಚ್ಚಿದ ಬೆಂಕಿಗೆ ಪಾದ ಚಾಚಿ, ಮತ್ತೆ ಇಳಿಯುತ್ತಿದ್ದರು. ಮೈದುನ ಒಮ್ಮೆಯೂ ಮೇಲೆ ಬರಲಿಲ್ಲ. ತೂಬಿನಕ್ಕ ಕರೆದಳು, ಗದರಿಸಿದಳು, ಕೊನೆಗೆ ಬಿಸಿನೀರಿನ ಲೋಟ ಹಿಡಿದು ತಾನೇ ಅವನಿದ್ದಲ್ಲಿಗೆ ಹೋದಳು. ಅವನು ಹಾರೆ ಬಿಡದೆ ಎರಡು ಗುಟುಕು ಕುಡಿದ. ಅವನ ಅಂಗೈಯಲ್ಲಿ ಬೊಬ್ಬೆ ಒಡೆದು ರಕ್ತ ಬಂದಿತ್ತು.

ಸೂರ್ಯ ಮರಗಳ ಬುಡಕ್ಕೆ ಇಳಿಯುವ ಹೊತ್ತಿಗೆ ಅವಳು ದಾರ ಕಟ್ಟಿದ ಕೋಲಿನ ಹತ್ತಿರ ಹೋದಳು. ನೋಡಲು ಧೈರ್ಯ ಸಾಲದೆ ಮೊದಲು ಬೇರೆ ಕಡೆ ನೋಡಿದಳು. ಆಮೇಲೆ ಬಗ್ಗಿದಳು. ಕೆಂಪು ದಾರದ ಕೆಳಗೆ, ನೀರಿಗೂ ದಾರಕ್ಕೂ ನಡುವೆ, ಕೋಲಿನ ಒದ್ದೆ ಮೈ ಕಾಣುತ್ತಿತ್ತು. ಮೂರು ಬೆರಳು ಇಡುವಷ್ಟು ಜಾಗ. ಬೆರಳಿಟ್ಟೇ ನೋಡಿದಳು.

ಮೈದುನ ಅವಳ ಹಿಂದೆ ಬಂದು ನಿಂತಿದ್ದ. ಸಂಜೆಯಾಗಿತ್ತು. ಬದುವಿಗೆ ಒರಗಿಸಿಟ್ಟಿದ್ದ ಗುದ್ದಲಿ ಅಲ್ಲೇ ಇತ್ತು. ಅವನು ಅದನ್ನು ಎತ್ತಿಕೊಂಡ. ಅವಳು ತಡೆಯಲು ಒಂದು ಹೆಜ್ಜೆ ಮುಂದಿಟ್ಟಳು. ಅವನು ಹೋಗಿ, ಬೆಳಿಗ್ಗೆ ತಾನು ಕಡಿದ ಹಳ್ಳಕ್ಕೆ ಮಣ್ಣು ಎಳೆದು, ಗುದ್ದಲಿಯ ಬೆನ್ನಿನಿಂದ ತಟ್ಟಿ ತಟ್ಟಿ ಮುಚ್ಚಿದ. ಮುಚ್ಚಿದ ಜಾಗವನ್ನು ಅಭ್ಯಾಸಬಲದಿಂದ ಕೈಯಿಂದ ಸವರಿ ನುಣ್ಣಗೆ ಮಾಡಿದ.

ಬೆಳಗಾದಾಗ ತೋಟದ ಮುಕ್ಕಾಲು ಪಾಲು ಬರೀ ಕೆಸರಾಗಿತ್ತು. ನೀರು ತಗ್ಗುಗಳಲ್ಲಿ ಮಾತ್ರ ಉಳಿದು, ತೂತುಗಳ ಬಾಯಲ್ಲಿ ಒಂದೊಂದಾಗಿ ಮಾಯವಾಗುತ್ತಿತ್ತು. ಅಷ್ಟು ಚೆಂದದ ನೆಲ ಜರಡಿಯಂತಾಗಿತ್ತು. ತೂಬಿನಕ್ಕ ನಿನ್ನೆ ನಾತ ಬಂದಿದ್ದ ಮೂಲೆಗೆ ಹೋದಳು. ಮೈದುನ ಅಲ್ಲಿ ಮೊದಲೇ ಕುಕ್ಕರಗಾಲಿನಲ್ಲಿ ಕೂತು, ಮರದ ಬುಡದ ಮಣ್ಣು ಕೆದಕಿ, ಕಿರುಬೆರಳಿನಷ್ಟು ಬೇರನ್ನು ಉಗುರಿನಿಂದ ಗೀರುತ್ತಿದ್ದ. ಸಿಪ್ಪೆಯ ಅಡಿಯಲ್ಲಿ ಬೆಳ್ಳಗಿತ್ತು. ಅವನು ಮಣ್ಣು ಮೂಸಿದ. ಅವಳ ಮುಂದೆ ಹಿಡಿದ. ಅವಳೂ ಮೂಸಿದಳು. ಮಣ್ಣಿನ ವಾಸನೆ, ಬೇರೇನಿಲ್ಲ.

"ನದಿ ಇನ್ನೂ ತುಂಬಿದೆಯಾ?" ಎಂದ.

"ತುಂಬಿದೆ. ಆದರೆ ಮರ ಎದ್ದಿವೆ. ಈ ವರ್ಷಕ್ಕೆ ಇಷ್ಟೇ."

ಅವನು ತಲೆಯಾಡಿಸಿದ. ಇಳಿದದ್ದು ಬೇಸಿಗೆಗೆ ಸಾಕಾಗುತ್ತದೋ ಇಲ್ಲವೋ ಇಬ್ಬರೂ ಕೇಳಲಿಲ್ಲ. ಬಾವಿಯ ಕಡೆಯಿಂದ ಯಾರೋ ಕೊಡಪಾನ ಇಳಿಬಿಡುವ ಸದ್ದು ಬಂತು.

"ಅವಳು ಏನೋ ಮಾಡಿದ್ದಾಳೆ. ಮನೆಗೆ ಬನ್ನಿ ಅತ್ತಿಗೆ. ತಿಂದು ಹೋಗಿ."

ತೂಬಿನಕ್ಕ ಮೊಣಕಾಲು ಹಿಡಿದುಕೊಂಡು ಎದ್ದಳು. "ಹೊಸ್ತಿಲು ತುಳೀಬೇಡ ಅಂದಿದ್ದೆಯಲ್ಲ?"

ಅವನು ಬಗ್ಗಿದ ತಲೆ ಎತ್ತಲಿಲ್ಲ. ಅವಳ ಪಾದಗಳನ್ನು, ಕೆಸರು ಮೆತ್ತಿದ ಸೀರೆಯ ಅಂಚನ್ನು ನೋಡಿದ.

"ತುಳೀರಿ" ಎಂದ. "ಕಾಲು ತೊಳಕೊಂಡು ತುಳೀರಿ, ಅಷ್ಟೇ. ಬೆಳಿಗ್ಗೆ ಎದ್ದು ನಾನೇ ಒರೆಸಿದ್ದೀನಿ."